ಕಳೆಗುಂದಿತು ಎಂದರೆ ಕುಂದಿದ್ದು ಯಾವ ಕಳೆ?

ಹೊಲದಲ್ಲಿ ಬೆಳೆಯುವುದೂ ಕಳೆ, ಮುಖದಲ್ಲಿ ಹೊಳೆಯುವುದೂ ಕಳೆ. ಒಂದನ್ನು ಕಿತ್ತು ಎಸೆಯುತ್ತೇವೆ, ಇನ್ನೊಂದು ಹೋಯಿತೆಂದು ಮರುಗುತ್ತೇವೆ. 'ಕಳೆಗುಂದು' ಎನ್ನುವ ಮಾತಿನಲ್ಲಿರುವುದು ಎರಡನೆಯದು. ಇವೆರಡಕ್ಕೂ ನೆಂಟಸ್ತಿಕೆ ಏನೂ ಇಲ್ಲ.

ಹೊಲದ ಕಳೆ ದ್ರಾವಿಡ ಪದ, ತಮಿಳಿನಲ್ಲಿ ಅದು 'ಕಳೈ'. ಮುಖದ ಕಳೆ ಬಂದದ್ದು ಸಂಸ್ಕೃತದ 'ಕಲಾ'ದಿಂದ. ಸಂಸ್ಕೃತದ ಲಕಾರ ಕನ್ನಡದವರ ಬಾಯಲ್ಲಿ ಎಷ್ಟೋ ಸಲ ಳಕಾರವಾಗುತ್ತದೆ. ಹಳೆಯ ಕಾವ್ಯಗಳಲ್ಲಿ ಕಮಲ 'ಕಮಳ'ವಾಗಿದೆ, ಜಲ 'ಜಳ'ವಾಗಿದೆ. ಹೀಗೆ ಬಂದ ಳಕಾರವನ್ನು 13ನೇ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ 'ಕ್ಷಳ' ಎನ್ನುತ್ತಾನೆ. ಕನ್ನಡದ್ದೇ ಆದ ಳಕಾರ 'ಕುಳ'. ಕಿವಿಗೆ ಎರಡೂ ಒಂದೇ. ಆದರೂ ಹುಟ್ಟು ಬೇರೆ ಅಂತ ಅಷ್ಟು ಹಿಂದೆಯೇ ಗುರುತಿಸಿದ್ದರಲ್ಲ, ನನಗೆ ಅದು ತುಂಬಾ ದೊಡ್ಡ ವಿಷಯ ಅನಿಸುತ್ತದೆ.

ಇನ್ನು 'ಕಲಾ' ಅಂದರೇನು? ಹಾಡು, ಕುಣಿತದ ಕಲೆ ನೆನಪಾಗುವುದು ಸಹಜ. ಆದರೆ ಅದಕ್ಕೆ ಸಣ್ಣ ಪಾಲು ಎಂಬ ಅರ್ಥವೂ ಇದೆ. ಮುಖ್ಯವಾಗಿ, ಚಂದ್ರನ 16 ಪಾಲುಗಳಲ್ಲಿ ಒಂದು. ಹುಣ್ಣಿಮೆಗೆ ಎಲ್ಲ ಕಲೆಗಳೂ ತುಂಬಿರುತ್ತವೆ. ಆಮೇಲೆ ದಿನಕ್ಕೊಂದರಂತೆ ಕಡಿಮೆಯಾಗುತ್ತವೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಮಾತಿದೆ: 15 ಕಲೆಗಳು ಬರುತ್ತವೆ, ಹೋಗುತ್ತವೆ, 16ನೆಯದು ಮಾತ್ರ ಸ್ಥಿರ. ಅಂದರೆ ಅಮಾವಾಸ್ಯೆಯ ರಾತ್ರಿಯೂ ಒಂದು ಕಲೆ ಉಳಿದೇ ಇರುತ್ತದೆ. ಚಂದ್ರನ ಈ ಬೆಳಕಿನ ಪಾಲೇ ಕನ್ನಡದಲ್ಲಿ ಕಾಂತಿ, ಹೊಳಪು ಎಂಬ ಅರ್ಥದ 'ಕಳೆ' ಆಯಿತು.

'ಕುಂದು' ಮಾತ್ರ ಅಪ್ಪಟ ನಮ್ಮದು. ಕಡಿಮೆಯಾಗು, ಇಳಿ, ಸೊರಗು ಎಂದು ಅರ್ಥ. ತಮಿಳಿನ 'ಕುನ್ಱು' ಇದರ ಒಡಹುಟ್ಟು. ಅಲ್ಲಿಯ 'ಒನ್ಱು' ಇಲ್ಲಿ 'ಒಂದು' ಅಲ್ವಾ, ಇದೂ ಹಾಗೆಯೇ. ಕುಂದುಕೊರತೆಯಲ್ಲಿ ಇರುವುದೂ ಇದೇ ಕುಂದು.

ಎರಡೂ ಸೇರಿದಾಗ ಕಕಾರ ಗಕಾರವಾಗಿ 'ಕಳೆಗುಂದು' ಆಯಿತು. ಶಾಲೆಯಲ್ಲಿ ಕಲಿತ ಆದೇಶ ಸಂಧಿ. ಎದೆ ಕುಂದಿದರೆ 'ಎದೆಗುಂದು', ಕಳೆ ಕಟ್ಟಿದರೆ 'ಕಳೆಗಟ್ಟು', ಎಲ್ಲ ಒಂದೇ ಅಚ್ಚು.

ಈ ಹುಟ್ಟು ತಿಳಿದ ಮೇಲೆ ಪದವನ್ನು ಎಲ್ಲೆಂದರಲ್ಲಿ ಬಳಸಲು ನನಗೆ ಮನಸ್ಸಾಗುವುದಿಲ್ಲ. ಬಟ್ಟೆ ಮಾಸುತ್ತದೆ. 'ಮಾಸು' ಪದದಲ್ಲೇ ಕೊಳೆ ಇದೆ, ತಮಿಳಿನಲ್ಲಿ ಮಾಸು ಅಂದರೆ ಕೊಳೆ, ಕಳಂಕ. ತಾಮ್ರದ ಚೊಂಬು ಕಿಲುಬು ಹಿಡಿಯುತ್ತದೆ. ಹೊಳೆಯುವ ಕೆಂಪಿನ ಮೇಲೆ ಹಸಿರು ಪದರ ಕೂರುತ್ತದೆ, ಉಜ್ಜಿದರೆ ಬೆರಳಿಗೂ ಅಂಟುತ್ತದೆ. ಕಬ್ಬಿಣಕ್ಕೆ ತುಕ್ಕು. ಇಲ್ಲೆಲ್ಲ ಹೊಳಪನ್ನು ಮುಚ್ಚುವ ಏನೋ ಒಂದು ಮೇಲೆ ಬಂದು ಸೇರಿದೆ. ಕಳೆಗುಂದುವುದು ಹಾಗಲ್ಲ. ಮೇಲೆ ಏನೂ ಕೂತಿಲ್ಲ, ಒರೆಸಿದರೆ ಹೋಗುವಂಥದ್ದೂ ಅಲ್ಲ. ಒಳಗಿನ ಬೆಳಕೇ ಪಾಲು ಪಾಲಾಗಿ ಇಳಿದಿದೆ.

ಅದಕ್ಕೇ ಇದು ಜಾಸ್ತಿ ಒಗ್ಗುವುದು ಮುಖಕ್ಕೆ, ಕಣ್ಣಿಗೆ, ಹಬ್ಬದ ಸಂಭ್ರಮಕ್ಕೆ. ವಾರಗಟ್ಟಲೆ ಜ್ವರದಲ್ಲಿ ಮಲಗಿ ಎದ್ದವರನ್ನು ನೋಡಿ. ಮುಖ ತೊಳೆದು, ತಲೆ ಬಾಚಿ, ಒಗೆದ ಬಟ್ಟೆ ಹಾಕಿ ಕೂತಿರುತ್ತಾರೆ. ಎಲ್ಲೂ ಕೊಳೆ ಇಲ್ಲ, ಆದರೂ ಕಳೆ ಇಲ್ಲ. ನಾಲ್ಕು ದಿನ ಸರಿಯಾಗಿ ಉಂಡು ನಿದ್ದೆ ಮಾಡಿದ ಮೇಲೆ ಮನೆಯವರು ಹೇಳುತ್ತಾರೆ, 'ಈಗ ಮುಖಕ್ಕೆ ಸ್ವಲ್ಪ ಕಳೆ ಬಂತು ನೋಡು.'