ತಾಮ್ರ ಬಿಟ್ಟು ಮೆಕ್ಕೆಜೋಳ ಹಿಡಿದರೆ ಜಾಂಬಿಯಾ ಗೆಲ್ಲುತ್ತಾ?

ಓದುಗರ ಪ್ರಶ್ನೆ: ಆಫ್ರಿಕಾದ ಜಾಂಬಿಯಾ ತಾಮ್ರವನ್ನೇ ನಂಬಿ ಕೂತಿದೆ ಅಂತಾರೆ. ಅಷ್ಟೊಂದು ಜಮೀನು, ನದಿ ಎಲ್ಲಾ ಇದೆಯಲ್ಲ, ಬೇಸಾಯಕ್ಕೆ ಹೊರಳಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ತಾಮ್ರವನ್ನೇ ನಂಬುವುದು ಅಪಾಯ ಅನ್ನೋದು ನಿಜ. ರಫ್ತಿನ ಗಳಿಕೆಯಲ್ಲಿ ಸುಮಾರು 70% ಅದರದ್ದೇ. 1970ರ ದಶಕದ ನಡುವೆ ತಾಮ್ರದ ಬೆಲೆ ಬಿದ್ದಾಗ ದೇಶವೇ ಸಾಲದಲ್ಲಿ ಮುಳುಗಿತು. ಆದರೆ ಗಣಿ ಬೇರೆ, ಹೊಲ ಬೇರೆ, ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಅಂದುಕೊಂಡರೆ ಮೋಸ ಹೋಗುತ್ತೇವೆ.

2024ರಲ್ಲಿ ಆದದ್ದನ್ನೇ ನೋಡಿ. ಮಳೆ ಕೈಕೊಟ್ಟಿತು. ಬಿತ್ತಿದ್ದ ಸುಮಾರು 22 ಲಕ್ಷ ಹೆಕ್ಟೇರ್ ಮೆಕ್ಕೆಜೋಳದಲ್ಲಿ 10 ಲಕ್ಷದಷ್ಟು ಒಣಗಿತು. ಅಲ್ಲಿನವರಿಗೆ ಮೆಕ್ಕೆಜೋಳದ ಹಿಟ್ಟಿನ ನ್ಶೀಮಾ ಅಂದರೆ ನಮ್ಮ ಕಡೆ ರಾಗಿ ಮುದ್ದೆ ಇದ್ದ ಹಾಗೆ, ಅದಿಲ್ಲದೆ ಊಟವಿಲ್ಲ. ಫೆಬ್ರವರಿಯಲ್ಲಿ ಅಧ್ಯಕ್ಷ ಹಕಾಯಿಂಡೆ ಹಿಚಿಲೆಮಾ ರಾಷ್ಟ್ರೀಯ ವಿಪತ್ತು ಘೋಷಿಸಿದರು. ಅದೇ ಬರಕ್ಕೆ ಜಾಂಬೆಜಿ ನದಿಯ ಕರೀಬಾ ಜಲಾಶಯದ ನೀರೂ ತೀರಾ ಇಳಿಯಿತು. ದೇಶದ ಕರೆಂಟಿನಲ್ಲಿ 80%ಗಿಂತ ಜಾಸ್ತಿ ನೀರಿನಿಂದಲೇ ಬರುತ್ತಿತ್ತು. ಮನೆ, ಅಂಗಡಿಗಳಲ್ಲಿ ದಿನದ ಬಹುಪಾಲು ಹೊತ್ತು ಕರೆಂಟ್ ಇರಲಿಲ್ಲ. ಗಣಿಗಳಿಗೆ ಹೊರದೇಶದಿಂದ ದುಬಾರಿ ಕರೆಂಟ್ ತರಿಸಬೇಕಾಯಿತು. ಒಂದೇ ಮಳೆ ತಪ್ಪಿದ್ದಕ್ಕೆ ಎರಡಕ್ಕೂ ಪೆಟ್ಟು.

ಹಾಗಾಗಿ ನನ್ನ ಪ್ರಕಾರ ಮೊದಲು ಬದಲಾಗಬೇಕಾದ್ದು ಬೆಳೆಯಲ್ಲ, ನೀರು ಮತ್ತು ಕರೆಂಟಿನ ವ್ಯವಸ್ಥೆ. ಅಲ್ಲಿನ ಮಜಬೂಕಾ ಊರಿನ ಕಬ್ಬಿನ ತೋಟಗಳಿಗೆ ಕಫೂಯೆ ನದಿಯ ನೀರಾವರಿ ಇದೆ. ಅದಕ್ಕೇ ಅಲ್ಲಿಂದ ಸಕ್ಕರೆ ನೆರೆ ದೇಶಗಳಿಗೂ ಹೋಗುತ್ತದೆ. ಸಣ್ಣ ರೈತ ಮಾತ್ರ ಇನ್ನೂ ಆಕಾಶ ನೋಡುತ್ತಿದ್ದಾನೆ.

ಇನ್ನೊಂದು ತೊಡಕಿದೆ. ತಾಮ್ರದ ಬೆಲೆ ಏರಿದಾಗ ಡಾಲರ್ ಒಳಬಂದು ಅಲ್ಲಿನ ಹಣ ಕ್ವಾಚಾ ಗಟ್ಟಿಯಾಗುತ್ತದೆ. ಆಗ ಸೋಯಾ ಹೊರಗೆ ಮಾರುವವರಿಗೆ ಅದೇ ಡಾಲರಿಗೆ ಸಿಗುವ ಕ್ವಾಚಾ ಕಡಿಮೆ. ಹೊರಗಿಂದ ಬರುವ ಗೊಬ್ಬರ, ಡೀಸೆಲ್ ಅಗ್ಗವಾಗಬಹುದು, ಆದರೆ ಕೂಲಿ ಇಳಿಯುವುದಿಲ್ಲ. ಸಾಲದ್ದಕ್ಕೆ ಸಮುದ್ರ ದೂರ. ಚೀನಾದ ನೆರವಿನಲ್ಲಿ ಕಟ್ಟಿದ ತಝಾರಾ ರೈಲು ಮಾರ್ಗ ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ 1,860 ಕಿಲೋಮೀಟರ್. ಅದು ಸೊರಗಿ ಸರಕಿನ ಬಹುಪಾಲು ಲಾರಿಗೆ ಬಿತ್ತು. ಲಾರಿ ಬಾಡಿಗೆಯನ್ನು ತಾಮ್ರ ತಡೆದುಕೊಳ್ಳುತ್ತದೆ, ಮೆಕ್ಕೆಜೋಳ ತಡೆದುಕೊಳ್ಳುವುದಿಲ್ಲ.

ದೂರದ ಬಂದರು ಬೇಡ, ಪಕ್ಕದ ಕಾಂಗೋಗೆ ಮಾರೋಣ ಅಂದರೆ, ಬೆಲೆ ಏರಿದ ಕೂಡಲೇ ಸರ್ಕಾರ ಮೆಕ್ಕೆಜೋಳದ ರಫ್ತು ನಿಲ್ಲಿಸಿದ್ದು ಎಷ್ಟೋ ಸಲ. ಊರಿನವರ ಹೊಟ್ಟೆ ಮೊದಲು, ಒಪ್ಪುತ್ತೇನೆ. ಆದರೆ ನಾಲ್ಕು ಕಾಸು ನೋಡುವ ಹೊತ್ತಿಗೇ ಬಾಗಿಲು ಹಾಕಿದರೆ, ಮುಂದಿನ ವರ್ಷ ಜಾಸ್ತಿ ಬಿತ್ತಲು ಯಾವ ರೈತ ಸಾಲ ಮಾಡುತ್ತಾನೆ?