ಮೈಕಲ್ ವಾಟ್ಸನ್ ಮತ್ತು ಆ 28 ನಿಮಿಷ

1991ರ ಸೆಪ್ಟೆಂಬರ್ 21, ಶನಿವಾರ ರಾತ್ರಿ. ಲಂಡನ್‌ನ ವೈಟ್ ಹಾರ್ಟ್ ಲೇನ್ ಫುಟ್‌ಬಾಲ್ ಮೈದಾನದಲ್ಲಿ ಬಾಕ್ಸಿಂಗ್ ರಿಂಗ್ ಎದ್ದಿತ್ತು. 11ನೇ ಸುತ್ತು ಮುಗಿಯಲು ಕೆಲವೇ ಕ್ಷಣ ಬಾಕಿ. ಮೈಕಲ್ ವಾಟ್ಸನ್ ಕೊಟ್ಟ ಏಟಿಗೆ ಕ್ರಿಸ್ ಯೂಬ್ಯಾಂಕ್ ಕೆಳಗೆ ಬಿದ್ದರು. ಅಂಕದಲ್ಲೂ ವಾಟ್ಸನ್ ಮುಂದಿದ್ದರು. ಇನ್ನು ಗೆದ್ದಂತೆಯೇ ಎಂದು ಅವರ ಕಡೆಯವರು ಕುಣಿಯುತ್ತಿದ್ದರು.

ಯೂಬ್ಯಾಂಕ್ ಎದ್ದರು. ಎದ್ದವರೇ ಬಲಗೈಯಿಂದ ಒಂದು ಅಪ್ಪರ್‌ಕಟ್ ಹೊಡೆದರು. ಗಲ್ಲದ ಕೆಳಗಿಂದ ಮೇಲಕ್ಕೆ ಬಂದ ಏಟು. ವಾಟ್ಸನ್ ಹಿಮ್ಮುಖವಾಗಿ ಬಿದ್ದರು, ತಲೆಯ ಹಿಂಭಾಗ ರಿಂಗಿನ ಹಗ್ಗಕ್ಕೆ ಬಡಿದು ಜೋರಾಗಿ ಅದುರಿತು. ಎದ್ದು ನಿಂತರು. ಗಂಟೆ ಹೊಡೆಯಿತು. ತಮ್ಮ ಮೂಲೆಗೆ ಹೋಗಿ ಸ್ಟೂಲಿನ ಮೇಲೆ ಕೂತರು. 12ನೇ ಸುತ್ತಿಗೆ ಎದ್ದು ಬಂದರು ಕೂಡ. ಆದರೆ ಕೈ ಎತ್ತುತ್ತಿರಲಿಲ್ಲ. ಏಟಿನ ಮೇಲೆ ಏಟು ಬೀಳುತ್ತಿತ್ತು, ತಿರುಗಿಸಿ ಒಂದೂ ಕೊಡುತ್ತಿರಲಿಲ್ಲ. ರೆಫರಿ ರಾಯ್ ಫ್ರಾನ್ಸಿಸ್ ಸ್ವಲ್ಪದರಲ್ಲೇ ನಡುವೆ ಬಂದು ಪಂದ್ಯ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ವಾಟ್ಸನ್ ರಿಂಗಿನಲ್ಲೇ ಕುಸಿದರು.

ಆಗ ಅವರಿಗೆ 26 ವರ್ಷ. ಅದೇ ಕೊನೆಯ ಪಂದ್ಯ.

ಎಷ್ಟು ದೊಡ್ಡ ಆಟಗಾರ ಆಗಬಹುದಿತ್ತು ಎಂಬ ಮಾತು ವಾಟ್ಸನ್ ಹೆಸರು ಬಂದಾಗಲೆಲ್ಲ ಬರುತ್ತದೆ. ಬರಲೇಬೇಕು. ಅದಕ್ಕೆ ಎರಡು ವರ್ಷ ಹಿಂದಿನ ಒಂದು ರಾತ್ರಿ ಸಾಕು. 1989ರ ಮೇ ತಿಂಗಳು, ಲಂಡನ್‌ನ ಫಿನ್ಸ್‌ಬರಿ ಪಾರ್ಕಿನಲ್ಲಿ ಹಾಕಿದ್ದ ಒಂದು ಭಾರಿ ಡೇರೆಯೊಳಗೆ ಪಂದ್ಯ. ಎದುರಿಗೆ ನೈಜೆಲ್ ಬೆನ್. ಅಲ್ಲಿಯವರೆಗೆ ಆಡಿದ 22 ಪಂದ್ಯಗಳಲ್ಲೂ ಎದುರಾಳಿಯನ್ನು ಹೊಡೆದುರುಳಿಸಿಯೇ ಗೆದ್ದವರು. ಆ ಅಬ್ಬರದ ಮುಂದೆ ಬಹಳಷ್ಟು ಜನ ಗಾಬರಿಯಾಗಿ ತಿರುಗಿ ಹೊಡೆಯಲು ಹೋಗುತ್ತಿದ್ದರು, ಅಲ್ಲೇ ಸಿಕ್ಕಿಬೀಳುತ್ತಿದ್ದರು. ವಾಟ್ಸನ್ ಹಾಗೆ ಮಾಡಲಿಲ್ಲ. ಎರಡೂ ಗ್ಲೌಸ್ ಮುಖದ ಮುಂದೆ ಗೋಡೆಯಂತೆ ಹಿಡಿದರು. ಬೆನ್ ಹೊಡೆದರು, ಹೊಡೆದರು, ದಣಿದರು. ಆಗ ಗ್ಲೌಸಿನ ಸಂದಿಯಿಂದ ವಾಟ್ಸನ್ ಕೈ ಹೊರಗೆ ಬರತೊಡಗಿತು. 6ನೇ ಸುತ್ತಿನಲ್ಲಿ ಬೆನ್ ಬಿದ್ದದ್ದು ಒಂದು ಜ್ಯಾಬ್‌ಗೆ. ಜ್ಯಾಬ್ ಅಂದರೆ ಮುಂದಿನ ಕೈಯ ನೇರ ಏಟು. ಸಾಮಾನ್ಯವಾಗಿ ಅಂತರ ಅಳೆಯಲು, ಎದುರಾಳಿಯನ್ನು ದೂರ ಇಡಲು ಬಳಸುವಂಥದ್ದು. ಅದರಿಂದಲೇ ಅಂಥವನನ್ನು ಕೆಡವಿದರು ಅಂದರೆ ಸಮಯ ನೋಡಿ ಹೊಡೆಯುವ ಅವರ ಕಲೆ ಎಂಥದ್ದಿರಬೇಕು, ಅಲ್ವಾ?

ಅದಾದ ಮೇಲೆ 1990ರಲ್ಲಿ ವಿಶ್ವ ಚಾಂಪಿಯನ್ ಮೈಕ್ ಮೆಕಲಮ್ ಎದುರು 11ನೇ ಸುತ್ತಿನಲ್ಲಿ ಸೋತರು. ಅದು ಗುರುವಿನ ಕೈಯಲ್ಲಿ ಸೋತಂತೆ, ಬೇಜಾರಿಲ್ಲ. 1991ರ ಜೂನ್‌ನಲ್ಲಿ ಯೂಬ್ಯಾಂಕ್ ಎದುರಿನ ಮೊದಲ ಪಂದ್ಯ ಮಾತ್ರ ನುಂಗಲಾಗದ ತುತ್ತಾಯಿತು. ಇಬ್ಬರು ತೀರ್ಪುಗಾರರು ಯೂಬ್ಯಾಂಕ್‌ಗೆ ಕೊಟ್ಟರು, ಒಬ್ಬರು ಸಮ ಎಂದರು. ನೋಡಿದವರಲ್ಲಿ ತುಂಬಾ ಜನರ ಪ್ರಕಾರ ಗೆದ್ದದ್ದು ವಾಟ್ಸನ್. ಆ ಗಲಾಟೆಯಿಂದಲೇ ಸೆಪ್ಟೆಂಬರ್‌ನ ಮರುಪಂದ್ಯ ಹುಟ್ಟಿತು.

ಆ ಅಪ್ಪರ್‌ಕಟ್‌ಗಿಂತ ನನಗೆ ಜಾಸ್ತಿ ಕಾಡುವುದು ಅದರ ನಂತರ ಆದದ್ದು.

ತಲೆಗೆ ಅಂಥ ಏಟು ಬಿದ್ದಾಗ ಒಳಗೆ ಏನಾಗುತ್ತದೆ? ಮಿದುಳು ಬುರುಡೆಗೆ ಅಂಟಿಕೊಂಡಿಲ್ಲ. ತಲೆ ಗಕ್ಕನೆ ತಿರುಗಿದರೆ ಮಿದುಳು ಸ್ವಲ್ಪ ತಡವಾಗಿ ತಿರುಗುತ್ತದೆ. ಮಿದುಳಿನ ಮೇಲ್ಮೈಯಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಆ ಎಳೆತಕ್ಕೆ ಹರಿಯುತ್ತವೆ. ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಬುರುಡೆ ಹಿಗ್ಗುವಂಥದ್ದಲ್ಲ, ಹಾಗಾಗಿ ಒತ್ತಡವೆಲ್ಲ ಮಿದುಳಿನ ಮೇಲೇ. ಇದು ಮೊದಲ ಪೆಟ್ಟು. ಎರಡನೆಯದು ಆಮೇಲೆ ನಿಧಾನವಾಗಿ ಬರುತ್ತದೆ: ಪ್ರಜ್ಞೆ ತಪ್ಪಿದವನ ಉಸಿರಾಟ ಕೆಡುತ್ತದೆ, ಮಿದುಳಿಗೆ ಆಮ್ಲಜನಕ ಸಾಲುವುದಿಲ್ಲ, ಊತ ಏರುತ್ತದೆ. ಮೊದಲ ಪೆಟ್ಟನ್ನು ವಾಪಸ್ ತೆಗೆದುಕೊಳ್ಳಲು ಯಾರಿಂದಲೂ ಆಗದು. ಎರಡನೆಯದನ್ನು ತಡೆಯಲು ದಾರಿಯಿದೆ. ಗಂಟಲಿಗೆ ಕೊಳವೆ ಹಾಕಿ ಉಸಿರಾಟ ಕಾಯುವುದು, ಆಮ್ಲಜನಕ ಕೊಡುವುದು, ಊತ ಇಳಿಸುವ ಔಷಧ ಕೊಡುವುದು, ಬೇಗ ಆಪರೇಷನ್ ಮಾಡಿ ಹೆಪ್ಪು ತೆಗೆಯುವುದು. 1991ರಲ್ಲಿ ಇದೆಲ್ಲ ವೈದ್ಯರಿಗೆ ಗೊತ್ತಿದ್ದ ಚಿಕಿತ್ಸೆಯೇ.

ಆ ರಾತ್ರಿ ರಿಂಗಿನ ಪಕ್ಕದಲ್ಲಿ ಇದನ್ನು ಮಾಡುವ ವ್ಯವಸ್ಥೆ ಇರಲಿಲ್ಲ. ಡಾಕ್ಟರ್‌ಗಳಿದ್ದರು. ಆದರೆ ಗದ್ದಲದ ನಡುವೆ ಒಬ್ಬರು ಬಂದು ವಾಟ್ಸನ್‌ರನ್ನು ನೋಡುವಷ್ಟರಲ್ಲಿ ಏಳೆಂಟು ನಿಮಿಷ ಕಳೆದಿತ್ತು. ಸ್ಟ್ರೆಚರ್‌ನಲ್ಲಿ ಹೊತ್ತು, ಆಂಬುಲೆನ್ಸ್‌ಗೆ ಹಾಕಿ, ಹತ್ತಿರದಲ್ಲೇ ಇದ್ದ ನಾರ್ತ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ತಲುಪಿಸುವಾಗ ಪಂದ್ಯ ನಿಂತು 28 ನಿಮಿಷ. ಅಲ್ಲಿ ಉಸಿರಾಟಕ್ಕೆ ವ್ಯವಸ್ಥೆ ಆಯಿತು. ಆದರೆ ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗ ಅಲ್ಲಿರಲಿಲ್ಲ. ಮತ್ತೆ ಆಂಬುಲೆನ್ಸ್, ಮತ್ತೆ ದಾರಿ. ಸೇಂಟ್ ಬಾರ್ತಲೊಮ್ಯೂಸ್ ಆಸ್ಪತ್ರೆಯಲ್ಲಿ ಪೀಟರ್ ಹ್ಯಾಮ್ಲಿನ್ ಎಂಬ ನ್ಯೂರೋಸರ್ಜನ್ ಕೈಗೆ ಅವರು ಸಿಕ್ಕರು. ಆರು ಆಪರೇಷನ್. 40 ದಿನ ಕೋಮಾ. ಎಚ್ಚರವಾದಾಗ ಮೈಯ ಎಡಭಾಗ ಮಾತು ಕೇಳುತ್ತಿರಲಿಲ್ಲ. ವರ್ಷಗಟ್ಟಲೆ ಗಾಲಿಕುರ್ಚಿ.

ವಾಟ್ಸನ್ ಕೋರ್ಟಿಗೆ ಹೋದರು. ದಾವೆ ಯೂಬ್ಯಾಂಕ್ ಮೇಲಲ್ಲ, ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಆಫ್ ಕಂಟ್ರೋಲ್ ಮೇಲೆ. ಇದು ತುಂಬಾ ಮುಖ್ಯ. ರಿಂಗಿಗೆ ಇಳಿಯುವವನು ಏಟು ತಿನ್ನಲು ಒಪ್ಪಿಯೇ ಇಳಿಯುತ್ತಾನೆ. ಬಿದ್ದ ಮೇಲೆ ಉಸಿರಿಗೆ ಗತಿಯಿಲ್ಲದೆ ಮಲಗಲು ಅವನು ಒಪ್ಪಿರುವುದಿಲ್ಲ. ಬೋರ್ಡ್ ಹೇಳಿದ್ದು ತನಗೆ ಅಂಥ ಕಾನೂನಿನ ಹೊಣೆ ಇಲ್ಲ ಅಂತ. 1999ರಲ್ಲಿ ಹೈಕೋರ್ಟ್ ಇದನ್ನು ಒಪ್ಪಲಿಲ್ಲ. 2000ದ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ಕೋರ್ಟಿನ ತರ್ಕ ಸರಳ. ಬ್ರಿಟನ್‌ನಲ್ಲಿ ವೃತ್ತಿಪರ ಬಾಕ್ಸಿಂಗ್ ನಡೆಯುವುದು ಬೋರ್ಡಿನ ನಿಯಮದಂತೆ. ರಿಂಗಿನ ಪಕ್ಕ ಯಾವ ವೈದ್ಯಕೀಯ ನೆರವು ಇರಬೇಕು ಎಂದು ಹೇಳುವುದೂ ಅದೇ. ಬಾಕ್ಸರ್ ಅದನ್ನು ನಂಬಿ ಆಡುತ್ತಾನೆ. ಮಿದುಳಿಗೆ ಪೆಟ್ಟಾಗಬಹುದು ಎಂಬುದು ಮೊದಲೇ ಗೊತ್ತಿದ್ದ ಅಪಾಯ. ಹಾಗಿದ್ದ ಮೇಲೆ ಹೊಣೆಯೂ ಅದರದ್ದೇ. ಆಟದ ನಿಯಮ ಮಾಡುವ ಸಂಸ್ಥೆ ಆಟಗಾರನ ಸುರಕ್ಷತೆಗೆ ಹೊಣೆ ಎಂಬ ಮಾತಿಗೆ ಕಾನೂನು ಓದುವವರು ಇಂದಿಗೂ ಈ ತೀರ್ಪನ್ನೇ ತೆಗೆಯುತ್ತಾರೆ.

ಪರಿಹಾರ ಸುಮಾರು 10 ಲಕ್ಷ ಪೌಂಡ್ ಆಗಬಹುದು ಎಂಬ ಲೆಕ್ಕವಿತ್ತು. ಬೋರ್ಡಿನ ಹತ್ತಿರ ಅಷ್ಟು ದುಡ್ಡಿರಲಿಲ್ಲ. 2001ರಲ್ಲಿ 4 ಲಕ್ಷ ಪೌಂಡ್‌ಗೆ ರಾಜಿಯಾಯಿತು. ಅದನ್ನು ಕೊಡಲು ಬೋರ್ಡ್ ಲಂಡನ್‌ನ ತನ್ನ ಕಚೇರಿ ಕಟ್ಟಡ ಮಾರಿತು. ಹತ್ತು ವರ್ಷ ಕಾದವರಿಗೆ ಅರ್ಧಕ್ಕಿಂತ ಕಡಿಮೆ ಸಿಕ್ಕಿತು. ನ್ಯಾಯ ಗೆದ್ದಿತು ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ರಿಂಗಿನ ಪಕ್ಕದ ಚಿತ್ರ ತೀರ್ಪಿಗೆ ಮುಂಚೆಯೇ ಬದಲಾಗಿತ್ತು. ಹ್ಯಾಮ್ಲಿನ್ ಪಟ್ಟು ಹಿಡಿದು ಒತ್ತಾಯಿಸಿದರು. ಉಸಿರಾಟ ಕಾಯಬಲ್ಲ ಅರಿವಳಿಕೆ ತಜ್ಞರು, ಸಿದ್ಧವಾಗಿ ನಿಂತ ಆಂಬುಲೆನ್ಸ್, ಮೊದಲೇ ಸುದ್ದಿ ಮುಟ್ಟಿಸಿದ ನ್ಯೂರೋಸರ್ಜರಿ ಆಸ್ಪತ್ರೆ ಬಂದವು. 1995ರ ಫೆಬ್ರವರಿಯಲ್ಲಿ ಲಂಡನ್‌ನಲ್ಲೇ ನೈಜೆಲ್ ಬೆನ್ ಎದುರು ಅಮೆರಿಕದ ಜೆರಾಲ್ಡ್ ಮೆಕ್‌ಕ್ಲೆಲನ್ 10ನೇ ಸುತ್ತಿನಲ್ಲಿ ಮಂಡಿಯೂರಿ ಕೂತು ಸೋತರು, ಆಮೇಲೆ ತಮ್ಮ ಮೂಲೆಯಲ್ಲಿ ಕುಸಿದರು. ತಕ್ಷಣದ ಚಿಕಿತ್ಸೆಯಿಂದ ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ, ಕಿವಿಯೂ ಬಹುತೇಕ ಹೋಯಿತು. ಅಕ್ಕತಂಗಿಯರು ನೋಡಿಕೊಳ್ಳಬೇಕಾಯಿತು. 1994ರಲ್ಲಿ ಬ್ರಾಡ್ಲಿ ಸ್ಟೋನ್ ಪಂದ್ಯ ಮುಗಿಸಿ ನಡೆದುಕೊಂಡೇ ಹೊರಗೆ ಹೋದರು, ಕೆಲವು ಗಂಟೆಗಳ ನಂತರ ಕುಸಿದರು, ಉಳಿಯಲಿಲ್ಲ. ರಿಂಗಿನ ಪಕ್ಕ ಎಷ್ಟೇ ಸಿದ್ಧತೆ ಇದ್ದರೂ ಹೀಗೂ ಆಗುತ್ತದೆ.

1998ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿದ್ದ ಸ್ಪೆನ್ಸರ್ ಆಲಿವರ್ ಕಥೆ ಬೇರೆ. ಅವರಿಗೂ ಮಿದುಳಿನಲ್ಲಿ ಹೆಪ್ಪು. ರಿಂಗಿನಲ್ಲೇ ಚಿಕಿತ್ಸೆ ಶುರುವಾಯಿತು. ಬಾಕ್ಸಿಂಗ್ ಅವರಿಗೂ ಅಂದೇ ಮುಗಿಯಿತು. ಆದರೆ ಅವರು ನಡೆದಾಡಿದರು, ಮಾತಾಡಿದರು, ಟಿವಿಯಲ್ಲಿ ಬಾಕ್ಸಿಂಗ್ ವಿಶ್ಲೇಷಕರಾದರು. ವಾಟ್ಸನ್‌ಗೆ ಸಿಗದ ನಿಮಿಷಗಳು ಅವರಿಗೆ ಸಿಕ್ಕವು.

ಹಾಗಾಗಿ ವಾಟ್ಸನ್ ಏನಾಗಬಹುದಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆಡದೇ ಉಳಿದ ಪಂದ್ಯಗಳಲ್ಲ. ಬೆನ್ ಜೊತೆ ಮರುಪಂದ್ಯ ಆಗಬಹುದಿತ್ತು, ವಿಶ್ವ ಕಿರೀಟ ಬರಬಹುದಿತ್ತು, ನಿಜ. 30 ಪಂದ್ಯಗಳಲ್ಲಿ 25 ಗೆಲುವು, 4 ಸೋಲು, 1 ಸಮ ಎಂಬಲ್ಲಿಗೆ ಅವರ ಲೆಕ್ಕ ನಿಂತಿದೆ. ಆದರೆ ಏಟಿನಿಂದ ಹೋದದ್ದು ಬಾಕ್ಸಿಂಗ್. ಸ್ವಂತ ಕಾಲ ಮೇಲೆ ಓಡಾಡುವ ಬದುಕು ಹೋದದ್ದರಲ್ಲಿ ತಡಕ್ಕೂ ಪಾಲಿದೆ.

2003ರ ಲಂಡನ್ ಮ್ಯಾರಥಾನ್‌ನಲ್ಲಿ ವಾಟ್ಸನ್ ಹೊರಟರು. ಮಿದುಳು ಮತ್ತು ಬೆನ್ನುಹುರಿ ರೋಗಿಗಳಿಗಾಗಿ ದುಡ್ಡು ಎತ್ತುವುದು ಉದ್ದೇಶ. 42 ಕಿಲೋಮೀಟರ್‌ಗೆ ಆರು ದಿನಕ್ಕಿಂತ ಜಾಸ್ತಿ ಹಿಡಿಯಿತು. ಬೆಳಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ನಡಿಗೆ. ಕೊನೆಯ ಗೆರೆ ದಾಟುವಾಗ ಜೊತೆಗೆ ಹೆಜ್ಜೆ ಹಾಕಿದವರಲ್ಲಿ ಇಬ್ಬರಿದ್ದರು: ತಲೆ ತೆರೆದು ಜೀವ ಉಳಿಸಿದ ಹ್ಯಾಮ್ಲಿನ್, ಮತ್ತು ಆ ಅಪ್ಪರ್‌ಕಟ್ ಹೊಡೆದಿದ್ದ ಯೂಬ್ಯಾಂಕ್.