‘ಸ್ಲೋಡ್ ಅಂಡ್ ರಿವರ್ಬ್’ ಶುರುವಾಗಿದ್ದು ಎಲ್ಲಿ?

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಯಾವ ಹಾಡು ಹುಡುಕಿದರೂ ಜೊತೆಗೆ ಅದರದ್ದೇ ಒಂದು ‘ಸ್ಲೋಡ್ ಅಂಡ್ ರಿವರ್ಬ್’ ಸಿಗುತ್ತದೆ. ಹಾಡನ್ನು ಹೀಗೆ ನಿಧಾನ ಮಾಡಿ ಕೇಳುವ ರೂಢಿ ಎಲ್ಲಿಂದ ಬಂತು?

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಿಂದ. ಅದರಲ್ಲೂ ಆ ಊರಿನ ದಕ್ಷಿಣ ಭಾಗದ ಕಪ್ಪು ಜನರ ಬಡಾವಣೆಗಳಿಂದ. ಹಾಡನ್ನು ನಿಧಾನ ಮಾಡಿ ನುಡಿಸಿದ ಡಿಜೆಗಳು ಅಲ್ಲಿ ಮೊದಲೂ ಇದ್ದರು. ಆದರೆ 1990ರ ದಶಕದಲ್ಲಿ ಅದನ್ನು ಒಂದು ಶೈಲಿಯಾಗಿ ಕಟ್ಟಿದವರು ಡಿಜೆ ಸ್ಕ್ರೂ. ನಿಜವಾದ ಹೆಸರು ರಾಬರ್ಟ್ ಅರ್ಲ್ ಡೇವಿಸ್ ಜೂನಿಯರ್, ಹುಟ್ಟಿದ್ದು 1971ರಲ್ಲಿ. ಹುಡುಗನಾಗಿದ್ದಾಗ ತನಗೆ ಹಿಡಿಸದ ರೆಕಾರ್ಡುಗಳನ್ನು ಸ್ಕ್ರೂನಿಂದ ಗೀಚಿಬಿಡುತ್ತಿದ್ದರಂತೆ, ಆ ಹೆಸರೇ ಉಳಿಯಿತು. ಅವರ ಶೈಲಿಗೆ ‘ಚಾಪ್ಡ್ ಅಂಡ್ ಸ್ಕ್ರೂಡ್’ ಅನ್ನುತ್ತಾರೆ.

ಇದರಲ್ಲಿ ಎರಡು ಕೆಲಸ ಇವೆ. ಒಂದು, ನಿಧಾನ ಮಾಡುವುದು. ರೆಕಾರ್ಡಿನ ತಟ್ಟೆಯಾಗಲಿ ಟೇಪಾಗಲಿ, ನಿಧಾನವಾಗಿ ತಿರುಗಿದರೆ ಶ್ರುತಿಯೂ ಕೆಳಗಿಳಿಯುತ್ತದೆ. ವೇಗ 80 ಪರ್ಸೆಂಟ್‌ಗೆ ಇಳಿಸಿದರೆ ನಾಲ್ಕು ನಿಮಿಷದ ಹಾಡು ಐದು ನಿಮಿಷವಾಗುತ್ತದೆ, ದನಿ ಹತ್ತಿರ ಹತ್ತಿರ ನಾಲ್ಕು ಸ್ವರಸ್ಥಾನ ಕೆಳಗೆ ಹೋಗುತ್ತದೆ. ಆಗಿನ ಡಿಜೆಗಳು ರೆಕಾರ್ಡು ತಿರುಗಿಸಲು ಬಳಸುತ್ತಿದ್ದ ಟೆಕ್ನಿಕ್ಸ್ 1200 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಎಂಟು ಪರ್ಸೆಂಟ್ ಅಷ್ಟೇ ಇಳಿಸಬಹುದಿತ್ತು. ಅಷ್ಟು ಸಾಲದೆ, ಮಿಕ್ಸ್ ಮಾಡಿದ್ದನ್ನು ಟೇಪಿಗೆ ಇಳಿಸುವಾಗ ಸ್ಕ್ರೂ ಮತ್ತೊಮ್ಮೆ ನಿಧಾನ ಮಾಡುತ್ತಿದ್ದರು.

ಇನ್ನೊಂದು ಕೆಲಸವೇ ಕಷ್ಟದ್ದು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲೆ ಇಡಬೇಕು. ಒಂದು ಇನ್ನೊಂದಕ್ಕಿಂತ ಒಂದು ಬಡಿತ ಹಿಂದೆ ಓಡುತ್ತಿರಬೇಕು. ಮಧ್ಯದ ಕ್ರಾಸ್‌ಫೇಡರನ್ನು (ಒಂದರ ದನಿ ತಗ್ಗಿಸಿ ಇನ್ನೊಂದರದ್ದನ್ನು ಏರಿಸುವ ಗುಂಡಿ) ಸರಿಯಾದ ಕ್ಷಣಕ್ಕೆ ಆಚೆ ತಳ್ಳಿದರೆ, ಈಗಷ್ಟೇ ಕೇಳಿದ ಮಾತು ಮತ್ತೆ ಕೇಳುತ್ತದೆ. ಈಚೆ ಎಳೆದರೆ ಹಾಡು ಮುಂದಕ್ಕೆ. ಯಾವ ಮಾತು ಎರಡು ಸಲ ಕೇಳಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಸ್ಕ್ರೂ ಅವರ ಕಿವಿ, ಆ ಕ್ಷಣದಲ್ಲೇ. ಇದು ‘ಚಾಪ್’. ನನಗಂತೂ ಈ ಶೈಲಿಯ ಜೀವ ಇರುವುದೇ ಇಲ್ಲಿ.

ಟೇಪುಗಳನ್ನು ಸ್ಕ್ರೂ ಮನೆಯಿಂದಲೇ ಮಾರುತ್ತಿದ್ದರು. ರಾತ್ರಿ ಮನೆ ಮುಂದೆ ಕಾರುಗಳ ಸಾಲು. ಇಷ್ಟು ಜನ ಬಂದು ಹೋಗುವುದನ್ನು ನೋಡಿ ಡ್ರಗ್ಸ್ ಮಾರಾಟ ಇರಬೇಕು ಅಂತ ಪೊಲೀಸರಿಗೂ ಅನುಮಾನ ಬಂದಿತ್ತು. ಜನ ಬರುತ್ತಿದ್ದದ್ದು ಬೂದು ಬಣ್ಣದ ಕ್ಯಾಸೆಟ್ಟಿಗೆ! ಕೊನೆಗೆ 1998ರಲ್ಲಿ ಅವರದೇ ಅಂಗಡಿ ಬಂತು. ಹ್ಯೂಸ್ಟನ್ ಕಾರಿಲ್ಲದೆ ಓಡಾಡಲು ಆಗದಷ್ಟು ಹರಡಿಕೊಂಡ ಊರು. ದೊಡ್ಡ ಸ್ಪೀಕರ್ ಹಾಕಿಸಿ, ಕಾರನ್ನು ಮೆಲ್ಲಗೆ ಓಡಿಸಿಕೊಂಡು ಹೋಗುವವರಿಗೆ ಈ ಟೇಪು ಹೇಳಿ ಮಾಡಿಸಿದ ಹಾಗಿತ್ತು.

ಗೆಳೆಯರ ಹುಟ್ಟುಹಬ್ಬಕ್ಕೂ ಸ್ಕ್ರೂ ಟೇಪು ಮಾಡಿಕೊಡುತ್ತಿದ್ದರು. 1996ರ ಜೂನ್ 27ರಂದು ಅಂಥದ್ದೊಂದು ಟೇಪಿಗಾಗಿ ಹುಡುಗರೆಲ್ಲ ಸೇರಿ ಒಂದೇ ಬೀಟ್ ಮೇಲೆ ಅರ್ಧ ಗಂಟೆಗೂ ಜಾಸ್ತಿ ಹೊತ್ತು, ಬಾಯಿಗೆ ಬಂದದ್ದನ್ನು ಅಲ್ಲೇ ಕಟ್ಟಿ ಹಾಡಿದರು. ಹ್ಯೂಸ್ಟನ್ ಜನಕ್ಕೆ ಆ ತಾರೀಖು ಇವತ್ತಿಗೂ ಬಾಯಿಪಾಠ. ಮುಂದೆ 2020ರಲ್ಲಿ ಪೊಲೀಸರ ಕೈಯಲ್ಲಿ ಪ್ರಾಣ ಕಳೆದುಕೊಂಡ ಜಾರ್ಜ್ ಫ್ಲಾಯ್ಡ್ ಕೂಡ ‘ಬಿಗ್ ಫ್ಲಾಯ್ಡ್’ ಹೆಸರಲ್ಲಿ ಸ್ಕ್ರೂ ಟೇಪುಗಳಲ್ಲಿ ಹಾಡಿದ್ದರು. ಅವರ ದನಿ ಈಗಲೂ ಅಲ್ಲಿದೆ.

ಕೊಡೀನ್ ಇರುವ ಕೆಮ್ಮಿನ ಸಿರಪ್ ಕುಡಿಯುವ ಚಟ ಈ ಸಂಗೀತದ ಸುತ್ತ ಇದ್ದದ್ದು ನಿಜ. 2000ದ ನವೆಂಬರ್‌ನಲ್ಲಿ ಸ್ಕ್ರೂ ತೀರಿಕೊಂಡಾಗ ಅವರ ದೇಹದಲ್ಲೂ ಕೊಡೀನ್ ಇತ್ತು. ಆಗಿನ್ನೂ 29 ವರ್ಷ. ಹಾಗಂತ ಈ ಸಂಗೀತ ಬರೀ ಅಮಲಿನದು ಅಂದುಬಿಟ್ಟರೆ ಆ ಕೈಕೆಲಸಕ್ಕೆ ಅನ್ಯಾಯ ಮಾಡಿದ ಹಾಗೆ, ಅಲ್ವಾ?

ಸ್ಕ್ರೂ ಹೋದ ಮೇಲೂ ಶೈಲಿ ನಿಲ್ಲಲಿಲ್ಲ. ಅಷ್ಟರಲ್ಲಾಗಲೇ ಊರಿನ ಉತ್ತರ ಭಾಗದ ‘ಸ್ವಿಶಾಹೌಸ್’ ತಂಡ ಅದನ್ನು ಎತ್ತಿಕೊಂಡಿತ್ತು. ಅಲ್ಲಿಂದ ಬಂದ ರ‍್ಯಾಪ್ ಗಾಯಕರಾದ ಮೈಕ್ ಜೋನ್ಸ್, ಪಾಲ್ ವಾಲ್ 2005ರ ಹೊತ್ತಿಗೆ ಇಡೀ ಅಮೆರಿಕಕ್ಕೆ ಗೊತ್ತಾದರು. 2011ರಲ್ಲಿ ನ್ಯೂಯಾರ್ಕಿನ ರ‍್ಯಾಪ್ ಗಾಯಕ ಏಸ್ಯಾಪ್ ರಾಕಿ ಹೆಸರು ಮಾಡಿದ್ದು ಹ್ಯೂಸ್ಟನ್‌ನ ಈ ನಿಧಾನದ ದನಿಯಿಂದಲೇ. ‘ಮೂನ್‌ಲೈಟ್’ (2016) ಚಿತ್ರಕ್ಕೆ ನಿಕೊಲಸ್ ಬ್ರಿಟೆಲ್ ಪಿಟೀಲು ಸಂಗೀತವನ್ನೇ ಹೀಗೆ ನಿಧಾನಿಸಿ, ಕತ್ತರಿಸಿ ಜೋಡಿಸಿದರು. ಸ್ಕ್ರೂ ಅವರ ರೆಕಾರ್ಡುಗಳು ಈಗ ಹ್ಯೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

‘ಸ್ಲೋಡ್ ಅಂಡ್ ರಿವರ್ಬ್’ ಇದೇ ಬಳ್ಳಿಯ ಇತ್ತೀಚಿನ ಕುಡಿ. ನಿಧಾನವನ್ನು ಉಳಿಸಿಕೊಂಡಿದೆ, ಚಾಪನ್ನು ಬಿಟ್ಟಿದೆ, ಆ ಜಾಗಕ್ಕೆ ಖಾಲಿ ಸಭಾಂಗಣದಲ್ಲಿ ಹಾಡಿದಂಥ ಪ್ರತಿಧ್ವನಿ ಬಂದಿದೆ. ಕೇಳಲು ಹಿತವಾಗಿದೆ, ನಾನೂ ಕೇಳುತ್ತೇನೆ. ಆದರೆ ಸ್ಕ್ರೂ ಟೇಪು ಬೇರೆ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಆ ಜೂನ್ 27ರದ್ದನ್ನೇ ಒಂದು ಸಲ ಕೇಳಿ. ಮೊದಲ ಐದು ನಿಮಿಷ ಟೇಪು ಕೆಟ್ಟಿದೆಯೇನೋ ಅನ್ನಿಸಬಹುದು. ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ, ಒಬ್ಬೊಬ್ಬ ಹುಡುಗನೂ ಉಸಿರು ತೆಗೆದುಕೊಳ್ಳುವುದು ಕೂಡ ಕೇಳಿಸುತ್ತದೆ.